ಕೂರಬಾರದ ಉಡುಪು

ಟುಟುವನ್ನು ತಲೆಕೆಳಗಾಗಿ ನೇತುಹಾಕಬೇಕು, ಬಾವಲಿಯ ಹಾಗೆ.
ನೆಟ್ಟಗೆ ಹಾಕಿದರೆ ವರ್ಷ ತುಂಬುವುದರೊಳಗೆ
ಜೋಲುಮೋರೆ ಹಾಕಿಕೊಳ್ಳುತ್ತದೆ.
ಇದು ಸೊಲಾಂಜ್ ಕೆರ್‌ಬ್ರಾ ನನಗೆ ಕಲಿಸಿದ ಮೊದಲ ಪಾಠ,
ತುಟಿಗಳ ನಡುವೆ ಏಳು ಗುಂಡುಸೂಜಿ ಕಚ್ಚಿಕೊಂಡೇ.

ಎರಡನೆಯದು: ತೊಟ್ಟವಳು ಕೂರುವ ಹಾಗಿಲ್ಲ.
ಕಾಲು ಸೋತರೆ ಗೋಡೆಗೆ ಹೆಗಲು ಕೊಡಲಿ,
ಮಂಡಿ ನಡುಗಿದರೆ ನಡುಗಲಿ,
ತೊಂಬತ್ತು ಗಂಟೆಯ ಹೊಲಿಗೆ ಒಂದು ಕುರ್ಚಿಗೆ ಬಲಿಯಾಗಬಾರದು.

ಪ್ಯಾರಿಸ್ಸಿನ ಬೆಲ್‌ವಿಲ್, ಮೂರನೆಯ ಮಹಡಿ. ಚಾವಣಿಯಿಂದ
ಇಳಿಬಿದ್ದ ನಲವತ್ತು ಬಿಳಿ ಅಣಬೆಗಳ ಕೆಳಗೆ
ನಾವು ಹನ್ನೆರಡು ಪದರಕ್ಕೆ ನಿರಿಗೆ ಹಿಡಿಯುತ್ತೇವೆ,
ಒಳಗಿನದು ನಾಲ್ಕು ಬೆರಳು, ಮೇಲಿನದು ಮೊಳದ ಹತ್ತಿರ,
ನಡುವೆ ಉಕ್ಕಿನ ಒಂದು ಬಳೆ, ಯಾರಿಗೂ ಕಾಣದ್ದು.
ಮೋಡಕ್ಕೂ ಮೂಳೆ ಬೇಕು, ಅನ್ನುತ್ತಾಳೆ ಸೊಲಾಂಜ್.

ಹೆಸರು ಬಂದದ್ದು ಹೇಗೆ ಅಂತ ಕೇಳಿದೆ.
ನಕ್ಕಳು, ಒಂದೂ ಸೂಜಿ ಉದುರದಂತೆ.
ಅಗ್ಗದ ಸೀಟಿನವರು ಇಟ್ಟದ್ದಂತೆ;
ಮಗುವಿನ ಅಂಡು ತಟ್ಟಿ ಮುದ್ದುಮಾಡುವ ಮಾತು.
ಮೇಲಿನವರು ಅಪ್ಸರೆ ಎಂದರು, ಗಾಳಿಯ ಮಗಳು ಎಂದರು;
ಉಳಿದದ್ದು ಕುಂಡಿ.

ಮೊದಲು ಇಷ್ಟು ಗಿಡ್ಡವಿರಲಿಲ್ಲ ಅದು.
ಮೀನಖಂಡದವರೆಗೆ ಇಳಿದ ಗಂಟೆ.
ಬೆರಳ ತುದಿಯಲ್ಲಿ ನಿಂತದ್ದು ಕಾಣಬೇಕಲ್ಲ,
ಅದಕ್ಕೇ ಅಂಚು ಏರಿತು. ಇನ್ನಷ್ಟು ಏರಿತು.
ಮುಂದಿನ ಸಾಲಿನ ರೇಷ್ಮೆ ಟೋಪಿಗಳು ನೋಡಬಂದದ್ದು
ಬೆರಳನ್ನಲ್ಲ, ಅದು ಬೇರೆ ಮಾತು.

ಗ್ಯಾಸ್ ದೀಪದ ಕಾಲ. ಸೊಲಾಂಜಳ ಮುತ್ತಜ್ಜಿಯ ತಾಯಿ
ನಾಟಕಶಾಲೆಯ ನೆಲಮಾಳಿಗೆಯಲ್ಲಿ ಗಂಜಿ ಕಾಯಿಸುತ್ತಿದ್ದಳು.
ಪಟಿಕದ ನೀರಲ್ಲಿ ಅದ್ದಿ ತೆಗೆದರೆ ಬಟ್ಟೆಗೆ ಬೆಂಕಿ ಹತ್ತದು;
ಆದರೆ ಹಳದಿಗಟ್ಟುತ್ತದೆ, ರಟ್ಟಿನ ಹಾಗೆ ಸೆಟೆಯುತ್ತದೆ.
ಹುಡುಗಿಯರು ಒಲ್ಲೆವೆಂದರು.
ಹೊಟ್ಟೆಗೆ ಒಣ ಬ್ರೆಡ್ಡು, ಸೊಂಟಕ್ಕೆ ಬೆಳ್ಮುಗಿಲು,
ಇರುವುದೊಂದು ಬಿಳುಪು, ಅದನ್ನೂ ಕೊಡಬೇಕೆ?
ಝೆಲಿ ಎಂಬವಳು, ಹದಿನೇಳು,
ದೀಪದ ಸಾಲಿನ ಬಳಿ ನಿರಿಗೆ ಕೊಡವಿದಳು, ಅಷ್ಟೇ.
ಮೂರು ಸುತ್ತು ಓಡಿದಳಂತೆ. ಜನ ಚಪ್ಪಾಳೆ ತಟ್ಟಿದರಂತೆ
ಮೊದಲ ಸುತ್ತಿಗೆ.

ಆ ರಾತ್ರಿ ಗಂಜಿಯ ಹಂಡೆಗೆ ಮುತ್ತಜ್ಜಿಯ ತಾಯಿ
ಯಾರಿಗೂ ಹೇಳದೆ ಪಟಿಕ ಸುರಿದಳು.
ಮರುದಿನ ಕೆಲಸ ಹೋಯಿತು.

ಆಮೇಲೆ ವಿದ್ಯುತ್ತು ಬಂತು, ನೈಲಾನ್ ಬಂತು.
ಯುದ್ಧ ಮುಗಿದ ಮೇಲೆ, ಪಡಿಚೀಟಿಯ ಬಟ್ಟೆಯಲ್ಲಿ ಸವೆದ ನಗರಕ್ಕೆ
ಥಟ್ಟನೆ ಹಸಿವೆದ್ದಿತು: ಗಜಗಟ್ಟಲೆ ಬಲೆಬಟ್ಟೆ,
ಇರುವೆ ಸೊಂಟ, ಬಾಗಿಲಲ್ಲಿ ಓರೆಯಾಗಿ ನುಸುಳುವ ಘೇರು.
ಫ್ಯಾಷನ್ ಮನೆಯ ಕತ್ತರಿಗಾರನೊಬ್ಬ ಸೊಲಾಂಜಳ ಅವ್ವನಿಂದ
ಹಳೆಯ ಟುಟುವೊಂದನ್ನು ಕಡ ಒಯ್ದ,
ಪದರ ಪದರ ಬಿಚ್ಚಿ ಎಣಿಸಿ, ಪೊಟ್ಟಣ ಕಟ್ಟಿ ವಾಪಸು ಕಳಿಸಿದ.
ಅದರ ಸೊಂಟಪಟ್ಟಿ ಇಲ್ಲೇ ಇದೆ, ಬಿಸ್ಕತ್ತಿನ ಡಬ್ಬಿಯಲ್ಲಿ:
ಶಾಯಿಯಲ್ಲಿ ಬರೆದು ಹೊಡೆದುಹಾಕಿದ ನಾಲ್ಕು ಹೆಸರು,
ಪ್ರತಿ ಹೆಸರಿಗೂ ಸರಿಸಿ ಹೊಲಿದ ಕೊಕ್ಕೆ.
ಕೊನೆಯದು ಓದಲಾಗದು, ಬೆವರು ತಿಂದಿದೆ.

ಕಳೆದ ಶನಿವಾರ ಮೆಟ್ರೋದಲ್ಲಿ ಬರುತ್ತಿದ್ದೆವು.
ಲಾ ಶಪೆಲ್‌ನಲ್ಲಿ ಹತ್ತಿದಳೊಬ್ಬಳು:
ಜೀನ್ಸಿನ ಮೇಲೆ ಗಿಣಿಹಸಿರು ಟುಟು, ಸೈನಿಕರ ಬೂಟು,
ಕೈಯಲ್ಲಿ ಎಣ್ಣೆ ಜಿನುಗುವ ಕಬಾಬಿನ ಪೊಟ್ಟಣ.
ಸೊಲಾಂಜ್ ಕಣ್ಣಲ್ಲೇ ಎಣಿಸಿದಳು.
"ಮೂರೇ ಪದರ. ಮೆಷಿನ್ ಹೊಲಿಗೆ. ಬಳೆಯಿಲ್ಲ."
ಹಿಂದೆ ಒಂದು ಅಂಚು ಬಿಚ್ಚಿ ಜೋಲುತ್ತಿತ್ತು.
ಕಾಲರಿನಿಂದ ಸೇಫ್ಟಿ ಪಿನ್ನು ತೆಗೆದು, ನೂಕುನುಗ್ಗಲ ನೆಪದಲ್ಲಿ,
ಆ ಹುಡುಗಿಗೇ ತಿಳಿಯದಂತೆ ಸಿಕ್ಕಿಸಿ ಸರಿಮಾಡಿದಳು.

ಆಗ ಸೀಟೊಂದು ಖಾಲಿಯಾಯಿತು.
ಸೊಲಾಂಜ್ ನನ್ನ ಮೊಣಕೈ ಹಿಡಿದಳು.
ಹುಡುಗಿ ಕೂತಳು. ಧೊಪ್ಪನೆ,
ಇಡೀ ಮೈಭಾರ ಬಿಟ್ಟು, ಕಾಲು ಚಾಚಿ.
ಹಸಿರು ಪುಸ್ಸನೆ ಎದ್ದು
ಪಕ್ಕದ ಮುದುಕನ ಪತ್ರಿಕೆಯ ಮೇಲೆ ಮಲಗಿತು.
ಪೊಟ್ಟಣ ಬಿಚ್ಚಿ ತಿನ್ನತೊಡಗಿದಳು.

ನಾಲ್ಕು ನಿಲ್ದಾಣ ಸೊಲಾಂಜ್ ಮಾತಾಡಲಿಲ್ಲ.
ಮೊಣಕೈ ಬಿಡಲೂ ಇಲ್ಲ.